ಸೋಪು ಕಾಣದ ಟೀ ಪಾಟು

ನಮ್ಮ ಭಾವನಿಗೆ ಸೋಪು ಕಂಡರೆ ಆಗುವುದಿಲ್ಲ! ಸ್ನಾನ ಮಾಡದವರು ಅಂದುಕೊಳ್ಳಬೇಡಿ, ದಿನಾ ತಪ್ಪದೆ ಮಾಡುತ್ತಾರೆ. ಅವರ ಹೆದರಿಕೆಯೆಲ್ಲ ಒಂದು ಟೀ ಪಾಟಿನದ್ದು. ನೈರೋಬಿ ಪೇಟೆಯ ನಡುಮಧ್ಯದ ಅವರ ಆಫೀಸಿನಲ್ಲಿದ್ದ ಚೀನೀ ಇಂಜಿನಿಯರೊಬ್ಬರು ಊರಿಗೆ ಮರಳುವಾಗ ಕೊಟ್ಟುಹೋದದ್ದು. ಮುಷ್ಟಿಯಷ್ಟಿದೆ. ನೇರಳೆ ಮಿಶ್ರಿತ ಕಂದು ಬಣ್ಣ. ಹೊಳಪಿಲ್ಲ, ಚಿತ್ತಾರವಿಲ್ಲ. ಯಿಶಿಂಗ್ ಎಂಬ ಊರಿನ ಮಣ್ಣಂತೆ.

"ಇದಕ್ಕೆ ಗ್ಲೇಜ್ ಲೇಪ ಹಾಕಲ್ಲ ಕಣೋ," ಎನ್ನುತ್ತಾರೆ ಭಾವ. "ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ನಾವು ಟೀ ಕುಡಿದ ಹಾಗೆ ಇದೂ ಕುಡಿಯುತ್ತೆ. ಸೋಪು ಹಾಕಿದ್ರೆ ಸೋಪನ್ನೂ ಕುಡಿದುಬಿಡುತ್ತೆ!"

ಒಮ್ಮೆ ಮನೆಗೆಲಸದಾಕೆ ಪಾಪ, ಒಳಗಿನ ಕಪ್ಪು ಕಲೆ ನೋಡಿ ಅದನ್ನು ಸಿಂಕಿಗೆ ಒಯ್ದಳು. ಭಾವ ಆಗ ಲ್ಯಾಪ್‌ಟಾಪಿನ ಮುಂದೆ ಆಫೀಸ್ ಮೀಟಿಂಗಿನಲ್ಲಿದ್ದರು. "ಹಪಾನಾ! ಸಬುನಿ ಹಪಾನಾ!" ಎಂದು ಕಿರುಚಿ ಎದ್ದು ಓಡಿದರು. ಸೋಪು ಬೇಡ, ಬೇಡ ಅಂತ. ಅವರಿಗೆ ಬರುವ ಸ್ವಾಹಿಲಿಯೇ ಅಷ್ಟು. ಅವಳೇನೋ "ಸವಾ, ಸವಾ", ಆಯ್ತು ಆಯ್ತು, ಎಂದು ನಕ್ಕು ಕೆಳಗಿಟ್ಟಳು. ಮೈಕು ಆನ್ ಇತ್ತಲ್ಲ, ಆಫೀಸಿನವರು ಇವತ್ತಿಗೂ ಇವರನ್ನು 'ಸಬುನಿ' ಅಂತಲೇ ಕರೆಯುತ್ತಾರೆ!

ಇಂಥ ಮನೆಗೆ ಮಂಗಳೂರಿನಿಂದ ನಮ್ಮ ಅಮ್ಮ ಬಂದಿಳಿದರು. ಕೊಂಕಣಿ ಬಾರದ ಬೆಂಗಳೂರಿನ ಹುಡುಗನನ್ನು ಅಕ್ಕ ಮದುವೆಯಾದಾಗ ಅಮ್ಮ ಮದುವೆಗೇ ಬಂದಿರಲಿಲ್ಲ. ನೈರೋಬಿಯ ಸೌತ್ ಸಿ ಬಡಾವಣೆಯ ಈ ಮನೆಗೆ ಇದೇ ಮೊದಲ ಬಾರಿ ಕಾಲಿಟ್ಟದ್ದು. ಭಾವ ಎದುರಿಗೇ ಕೂತಿದ್ದರೂ ಮಾತೆಲ್ಲ ಅಕ್ಕನ ಮೂಲಕ! ಭಾವ ಭಕ್ತಿಯಿಂದ ಬೆರಳುದ್ದದ ಬಟ್ಟಲಿಗೆ ಟೀ ಬಗ್ಗಿಸಿ ಮುಂದಿಟ್ಟರೆ, ಅಮ್ಮ ಅಕ್ಕನ ಕಡೆ ತಿರುಗಿ, "ಇದೆಂತದು, ಹೋಮಿಯೋಪತಿ ಮದ್ದಾ?" ಎಂದರು. ಭಾವನ ಕಿವಿ ಕೆಂಪಾಯಿತು. ಊಟದ ಮೇಜಿನಲ್ಲಿ ಚಮಚ ಬಿದ್ದರೂ ಬೆಚ್ಚುವ ಸ್ಥಿತಿ ನನ್ನದೂ ಅಕ್ಕನದೂ!

ಒಂದು ಸಂಜೆ ಅಡುಗೆಮನೆಯಿಂದ 'ಟಪ್' ಅಂತ ಸದ್ದು, ಹಿಂದೆಯೇ ಅಮ್ಮನ ಚೀರಾಟ. ನಾವಿಬ್ಬರೂ ಓಡಿದೆವು. ಗ್ಯಾಸ್ ಒಲೆಯ ಮೇಲೆ ಟೀ ಪಾಟು ಎರಡು ಹೋಳಾಗಿ ಕೂತಿದೆ. ಕುದಿಯುವ ನೀರೆಲ್ಲ ಅಮ್ಮನ ಪಾದದ ಮೇಲೆ!

"ಅಮ್ಮಾ, ಅದನ್ನು ಬೆಂಕಿಗೆ ಇಡಬಾರದಿತ್ತು!" ಅಕ್ಕ ತಲೆಗೆ ಕೈಯಿಟ್ಟಳು.

"ಮಣ್ಣಿನದ್ದಲ್ವಾ? ಊರಲ್ಲಿ ಮೀನು ಸಾರು ಮಾಡುವುದು ಮಣ್ಣಿನ ಪಾತ್ರೆಯಲ್ಲೇ ಅಲ್ವಾ?" ಅಮ್ಮ ಒಂಟಿ ಕಾಲಲ್ಲಿ ಕಟ್ಟೆ ಹಿಡಿದು ನಿಂತರು. "ಅವನು ಬರುವಷ್ಟರಲ್ಲಿ ಒಂದು ಚಾ ಮಾಡಿಡುವ ಅಂತ..."

ಅಷ್ಟರಲ್ಲಿ ಗೇಟಿನ ಹತ್ತಿರ ಭಾವನ ಕಾರಿನ ಹಾರ್ನು! ಅಕ್ಕ ಹೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದಳು. ತೊಟ್ಟಿದ್ದು ಜೀನ್ಸ್, ಸೆರಗೆಲ್ಲಿಂದ ಬರಬೇಕು? ನಾನು ಬಾಗಿಲಿಗೆ ಅಡ್ಡ ನಿಂತೆ. ಭಾವ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದರು. ಒಲೆ ನೋಡಿದರು. ಹೋಳು ನೋಡಿದರು. ಮುಖ ಬಿಳಿಚಿಕೊಂಡಿತು. ಈಗ ಸಿಡಿಯುತ್ತಾರೆ ಅಂತ ನಾನು ಕಣ್ಣು ಮುಚ್ಚಿದೆ.

ಸಿಡಿಯಲಿಲ್ಲ. ಕಣ್ಣು ಬಿಟ್ಟಾಗ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿಯಾಗಿತ್ತು. ಕುಡಿಯಲೆಂದು ತುಂಬಿಟ್ಟಿದ್ದ ನೀರಿನ ಕ್ಯಾನನ್ನೇ ಎಳೆದುಕೊಂಡು, ಭಾವ ನೆಲದ ಮೇಲೆ ಕೂತು ಆ ಪಾದಕ್ಕೆ ಮಗ್ಗಿನಿಂದ ಮೆಲ್ಲಗೆ ನೀರು ಸುರಿಯುತ್ತಿದ್ದರು. ಅಕ್ಕ ಟೂತ್‌ಪೇಸ್ಟ್ ತಂದರೆ, "ಅದೆಲ್ಲ ಬೇಡ, ಬರೀ ತಣ್ಣೀರು," ಎಂದರು.

"ನಿನ್ನ ಗಂಡನಿಗೆ ಹೇಳು, ಅವನ ಪಾಟು ಒಡೆದುಬಿಟ್ಟೆ ಅಂತ," ಅಮ್ಮ ಅಳುತ್ತಾ ಅಕ್ಕನಿಗೆ ಹೇಳಿದರು.

"ಹೋಗ್ಲಿ ಬಿಡಿ ಅತ್ತೆ. ತುಂಬ ಉರೀತಿದೆಯಾ?"

ಭಾವ ನೀರು ಸುರಿಯುತ್ತಲೇ ಇದ್ದರು. ಆಫೀಸಿನ ಪ್ಯಾಂಟು ಪೂರ್ತಿ ನೆನೆದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಗ್ಗಿ, ಅವರ ತಲೆಯ ಮೇಲೆ ಕೈಯಿಟ್ಟು, "ಪುರೊ ಪುತಾ," ಎಂದರು.

ಭಾವ ಅಕ್ಕನತ್ತ ನೋಡಿದರು. "ಏನಂದ್ರು?"

ಅಕ್ಕ ಟೂತ್‌ಪೇಸ್ಟನ್ನು ಕೆಳಗಿಟ್ಟಳು.

"ಸಾಕು ಮಗನೇ, ಅಂದ್ರು."

ಭಾವ ತಲೆ ತಗ್ಗಿಸಿ ಇನ್ನೊಂದು ಮಗ್ಗು ನೀರು ಸುರಿದರು.