ಅಜ್ಜಿಯನ್ನು ಪ್ಲೇಗ್ರೂಪಿಗೆ ಹಾಕಿದ್ದು

ಮೊಮ್ಮಗು ಅಂದರೆ ಅಜ್ಜಿಗೆ ಪ್ರಾಣ ಅಂತ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಒಂದು ಮೊಮ್ಮಗುವನ್ನು ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ನೋಡಿಕೊಂಡವರಂತೂ ಅಲ್ಲ. ಈ ಅಜ್ಜಿ ನೋಡಿಕೊಳ್ಳುತ್ತಿದ್ದಳು. ಪ್ರಾಣ ಹೌದು, ಸುಳ್ಳು ಹೇಳಬಾರದು. ಆದರೆ ಪ್ರಾಣ ಅಂದಮೇಲೆ ಅದು ಮೈಯೊಳಗೆ ಸುಮ್ಮನೆ ಇರಬೇಕು ತಾನೆ? ಈ ಪ್ರಾಣ ಸೋಫಾದ ಬೆನ್ನು ಹತ್ತುತ್ತಿತ್ತು, ನೀರು ತುಂಬಿದ ಬಕೆಟ್ಟಿನಲ್ಲಿ ಕೂರುತ್ತಿತ್ತು, ಅಜ್ಜಿಯ ಕನ್ನಡಕವನ್ನು ಕಮೋಡಿಗೆ ಹಾಕಿ ಫ್ಲಶ್ ಒತ್ತಿ ಕೈಬೀಸಿ ಟಾಟಾ ಹೇಳುತ್ತಿತ್ತು.

ಮನೆಯಲ್ಲಿ ಎಲ್ಲರೂ ಅವನನ್ನು ದೊರೆ ಅಂತಲೇ ಕರೆಯುತ್ತಿದ್ದರು. ವಯಸ್ಸು ಇನ್ನೂ ಮೂರು ತುಂಬಿರಲಿಲ್ಲ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬಾಯಿ ಬಡಿದುಕೊಂಡರೆ ತಟ್ಟೆ ಬಿಟ್ಟು ಓಡಬೇಕು. ಅಮ್ಮ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ. ಇಬ್ಬರೂ ಬೆಳಿಗ್ಗೆ ಬಾಗಿಲು ದಾಟಿದರೆಂದರೆ ರಾಜ್ಯಭಾರವೆಲ್ಲ ದೊರೆಯದು. ಪ್ರಜೆ ಅಂತ ಇದ್ದದ್ದು ಅಜ್ಜಿ ಒಬ್ಬಳೇ.

ದೊರೆ ಹುಟ್ಟುವುದಕ್ಕೆ ಮುಂಚೆ ಅಜ್ಜಿಗೂ ಒಂದು ಜೀವನ ಇತ್ತು. ಪಕ್ಕದ ಬೀದಿಯಲ್ಲಿ ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮ ಇದ್ದಳು. ದಿನಾ ಬೆಳಿಗ್ಗೆ ಅವಳ ಮನೆಯಲ್ಲಿ ಇಸ್ಪೀಟು. ನರ್ಸಮ್ಮ, ಬಟ್ಟೆ ಹೊಲಿಯುವ ಟೈಲರಮ್ಮ, ಕಾಂಪೌಂಡರ ಹೆಂಡತಿ, ಅಜ್ಜಿ, ಹೀಗೆ ನಾಲ್ವರು. ಪಣಕ್ಕೆ ಟೈಲರಮ್ಮನ ಡಬ್ಬಿಯ ಗುಂಡಿಗಳು. ಅಜ್ಜಿ ಎಷ್ಟು ಗೆಲ್ಲುತ್ತಿದ್ದಳೆಂದರೆ ಟೈಲರಮ್ಮ ಗಿರಾಕಿಗಳ ಅಂಗಿಗೆ ಗುಂಡಿ ಬೇಕಾದಾಗ ಅಜ್ಜಿಯ ಹತ್ತಿರ ಸಾಲ ಕೇಳಲು ಬರುತ್ತಿದ್ದಳು.

ದೊರೆಯನ್ನೂ ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅವನು ಇಸ್ಪೀಟಿನ ರಾಣಿಯನ್ನು ಅಗಿದು ಅರ್ಧ ನುಂಗಿದ, ಮೂಗಿಗೊಂದು ಗುಂಡಿ ತುರುಕಿಕೊಂಡ. ನರ್ಸಮ್ಮ ಇದ್ದದ್ದಕ್ಕೆ ಆಯಿತು, ಗುಂಡಿ ಹೊರಗೆ ಬಂತು. ಗುಂಡಿಯ ಹಿಂದೆಯೇ ಅಜ್ಜಿಯೂ ಮೊಮ್ಮಗನೂ ಹೊರಗೆ ಬಂದರು. ಅಂದಿನಿಂದ ಅವಳ ಕುರ್ಚಿ ಖಾಲಿ.

ಹೀಗಿರುವಾಗ ಒಂದು ದಿನ ನರ್ಸಮ್ಮ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು. ಅವಳ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವಳು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳಂತೆ, ಇಸ್ಪೀಟು ಎಲೆ ಕಲೆಸುವುದನ್ನು ನೋಡಿದರೆ ಕಣ್ಣು ತಿರುಗುತ್ತದಂತೆ.

"ಬರೋ ತಿಂಗಳಿಂದ ನೀನು ಬಂದ್ರೆ ಸರಿ. ಇಲ್ಲಾಂದ್ರೆ ಅವಳನ್ನ ಕೂರಿಸಿಕೊಳ್ತೀವಿ. ತಪ್ಪು ತಿಳ್ಕೋಬೇಡ ಕಣೇ."

"ಅವಳ ಮುಖ ನೋಡಿದ್ರೇ ಗೊತ್ತಾಗುತ್ತೆ, ಕಳ್ಳಾಟ ಆಡ್ತಾಳೆ," ಅಂದಳು ಅಜ್ಜಿ.

"ಅದಕ್ಕೇ ನಿನ್ನ ಜಾಗಕ್ಕೆ ಸರಿಹೋಗ್ತಾಳೆ ಅಂತ," ಅಂದು ನರ್ಸಮ್ಮ ಹೊರಟುಹೋದಳು.

ಅವತ್ತು ಊಟಕ್ಕೆ ಕೂತಾಗ ಅಜ್ಜಿ ಗಂಟಲು ಸರಿಮಾಡಿಕೊಂಡು, ದೊರೆಯ ಸರ್ವತೋಮುಖ ಬೆಳವಣಿಗೆಯ ಬಗ್ಗೆ ತನಗೆ ಬಹಳ ಚಿಂತೆಯಾಗಿದೆ ಅಂದಳು. (ಈ ಸರ್ವತೋಮುಖ ಅನ್ನುವುದನ್ನು ರೇಡಿಯೋದಲ್ಲಿ ಕೇಳಿ ಒಂದು ದಿನಕ್ಕೆ ಬೇಕಾದೀತು ಅಂತ ಇಟ್ಟುಕೊಂಡಿದ್ದಳು.) ಸೈಕಲ್ ಅಂಗಡಿಯ ಹಿಂದೆ ಹಳದಿ ಬಣ್ಣದ ಮನೆಯಲ್ಲಿ ಒಂದು ಪ್ಲೇಗ್ರೂಪು ಇದೆ, ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದವರೆಗೆ ನೋಡಿಕೊಳ್ಳುತ್ತಾರೆ, ಮಗುವಿಗೆ ಒಳ್ಳೆ ಸಹವಾಸ ಸಿಗುತ್ತದೆ ಅಂತೆಲ್ಲ ಹೇಳಿದಳು. ಸೊಸೆ ಒಪ್ಪಲಿಲ್ಲ. ಸೂಸು ಬಂದರೆ ಹೇಳುವುದಿಲ್ಲ, ಶೂ ಬಿಚ್ಚಲು ಬರುವುದಿಲ್ಲ, ಚಮಚ ಕೊಟ್ಟರೆ ಕಿವಿಗೆ ಹಾಕಿಕೊಳ್ಳುತ್ತಾನೆ, ಇಂಥವನನ್ನು ಎಲ್ಲಿಗೆ ಕಳಿಸುವುದು ಅಂತ ಅವಳ ವಾದ.

"ಅದೆಲ್ಲ ಇರಲಿ ಅತ್ತೆ, ನಿಮ್ಮನ್ನ ಬಿಟ್ಟು ಅವನು ಒಂದು ಗಳಿಗೆ ಇರ್ತಾನಾ? ನಿಮಗಾದ್ರೂ ಅವನನ್ನ ಬಿಟ್ಟು ಇರೋಕಾಗುತ್ತಾ?"

"ಆಗುತ್ತೆ."

ಈ ಉತ್ತರ ಎಷ್ಟು ಬೇಗ ಬಂತೆಂದರೆ ಮಗ ತಟ್ಟೆಯಿಂದ ತಲೆ ಎತ್ತಿ ನೋಡಿದ. ಅಜ್ಜಿ ಕೂಡಲೇ ಮುಖ ಸಣ್ಣದು ಮಾಡಿಕೊಂಡಳು. "ಕಷ್ಟ ಆಗುತ್ತಪ್ಪ. ಮಗು ಒಳ್ಳೇದಕ್ಕಲ್ವಾ, ತಡ್ಕೋತೀನಿ."

ಕೊನೆಗೆ ಒಪ್ಪಂದ ಆಯಿತು. ಪ್ಲೇಗ್ರೂಪಿನ ಮಿಸ್ಸು ಒಂದು ಬೆಳಿಗ್ಗೆ ಮಗುವನ್ನು ಕರೆಸಿ ನೋಡುತ್ತಾಳಂತೆ. ಮನೆಯವರು ಬಿಟ್ಟು ಹೋದಮೇಲೆ ಅಳದೆ ಇದ್ದರೆ ಸೇರಿಸಿಕೊಳ್ಳುತ್ತಾಳಂತೆ. ಅಷ್ಟರೊಳಗೆ ದೊರೆಯನ್ನು ತಯಾರು ಮಾಡುವ ಹೊಣೆ ಅಜ್ಜಿಯದು.

ಸೂಸು, ಶೂ, ಚಮಚ ಇವೆಲ್ಲ ಬಿಸ್ಕತ್ತಿನ ಬಲದಿಂದ ಬೇಗನೆ ಬಗೆಹರಿದವು. ಬಿಟ್ಟು ಹೋಗುವ ಪಾಠ ಬಂದಾಗ ಬಿಸ್ಕತ್ತೂ ಸೋತಿತು. ಅಜ್ಜಿ ನಡುಮನೆಯಲ್ಲಿ ಚಾಪೆ ಹಾಸಿ, ಇದೇ ಪ್ಲೇಗ್ರೂಪು, ನೀನು ಮಗು, ನಾನು ನಿನ್ನನ್ನು ಬಿಟ್ಟು ಹೋಗುತ್ತೇನೆ ಅಂತ ಹೇಳಿ ಅಡುಗೆಮನೆ ಬಾಗಿಲ ಹಿಂದೆ ಸರಿದಳು. ದೊರೆ ಕಿರುಚಿದ ರಭಸಕ್ಕೆ ಕೆಳಗಿನ ಮನೆಯವರು ಗ್ಯಾಸ್ ಸಿಲಿಂಡರೇ ಸಿಡಿಯಿತೇನೋ ಅಂತ ಓಡಿ ಬಂದರು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ದಿನಗಳು ಜಾರುತ್ತಿದ್ದವು. ಟಾಕೀಸಿನವಳು ಅಜ್ಜಿಯ ಕನಸಿನಲ್ಲೂ ಎಲೆ ಕಲೆಸತೊಡಗಿದಳು.

ಆಗ ಅಜ್ಜಿಗೆ ದಿವ್ಯವಾದ ಉಪಾಯ ಹೊಳೆಯಿತು. ತನ್ನನ್ನು ಬಿಟ್ಟು ಹೋದರೆ ತಾನೆ ಮಗು ಅಳುವುದು? ಆಟವನ್ನು ತಿರುವಿ ಹಾಕಿದರೆ? "ನೋಡು ದೊರೆ, ನಾನು ಮಗು. ನೀನು ನನ್ನನ್ನ ಬಿಟ್ಟು ಹೋಗು," ಅಂದಳು.

ದೊರೆಯ ಮುಖ ದೀಪ ಹಚ್ಚಿದ ಹಾಗಾಯಿತು. ಅಜ್ಜಿಯ ಬೆರಳು ಹಿಡಿದುಕೊಂಡು ನಡುಮನೆಯೆಲ್ಲ ನಡೆಸಿದ. ಅವಳ ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿಸಿದ. ಚಾಪೆಯ ಮೇಲೆ ಕೂರಿಸಿ ಕೊರಳಿಗೆ ಚೀಲ ನೇತುಹಾಕಿದ. ಸೂಸು ಬಂದರೆ ಹೇಳಬೇಕು ಅಂತ ಕಟ್ಟಪ್ಪಣೆ ಮಾಡಿ, ತಾನು ಆಫೀಸಿಗೆ ಹೊರಟ. ಆಫೀಸು ಅಂದರೆ ಅಡುಗೆಮನೆ ಬಾಗಿಲ ಹಿಂದುಗಡೆ. ಅಲ್ಲಿ ಸದ್ದಿಲ್ಲದೆ ಬಹಳ ಹೊತ್ತು ಇದ್ದ. (ಸಕ್ಕರೆ ಡಬ್ಬಿ ಕೈಗೆ ಎಟಕುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು.) ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿದಳು. ಅವನು ಹುಟ್ಟಿದಂದಿನಿಂದ ಹಗಲು ಹೊತ್ತಿನಲ್ಲಿ ಕಾಲು ಚಾಚಿದ್ದು ಅದೇ ಮೊದಲು.

ಬಿಟ್ಟು ಹೋಗುವವರು ಯಾರಾದರೇನು, ನಡುವೆ ಇರುವ ಬಾಗಿಲು ಒಂದೇ ಅಲ್ಲವೇ ಅಂತ ಅಜ್ಜಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದಿನಾ ಅಭ್ಯಾಸ ನಡೆಯಿತು. ಭಾನುವಾರ ಮಗ ಸೊಸೆಯರನ್ನು ಕರೆದು, ಬಾಗಿಲ ಹಿಂದೆ ಒಂಟಿಯಾಗಿ ಅಳದೆ ನಿಂತ ದೊರೆಯನ್ನು ಅಷ್ಟು ದೂರದಿಂದ ತೋರಿಸಿದಳು. ಚಾಪೆಯ ವಿಷಯ ಹೇಳಲಿಲ್ಲ. ಸೊಸೆಗೆ ನಂಬಲಿಕ್ಕೇ ಆಗಲಿಲ್ಲ. ಸೋಮವಾರವೇ ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಆಯಿತು.

ಸೋಮವಾರ ಸೊಸೆಗೆ ರಜೆ ಸಿಗಲಿಲ್ಲ. ಮಗ ಬಂದ. ದೊರೆ ತನ್ನ ಚೀಲವನ್ನೂ ನೀರಿನ ಬಾಟಲಿಯನ್ನೂ ತಾನೇ ಹೊತ್ತು, ಅಜ್ಜಿಯ ಬೆರಳು ಹಿಡಿದು, ಬೀದಿಯುದ್ದಕ್ಕೂ ಗಂಭೀರವಾಗಿ ನಡೆದ. ಇವನು ದೊಡ್ಡವನಾಗಿಬಿಟ್ಟನಲ್ಲ ಅಂತ ಮಗನಿಗೆ ಎದೆ ತುಂಬಿ ಬಂತು. ಹಳದಿ ಮನೆಯ ಬಾಗಿಲಲ್ಲಿ ಮಿಸ್ಸು ಬಗ್ಗಿ, ಬಾ ಮರಿ ಒಳಗೆ ಅಂತ ಕೈ ಚಾಚಿದಳು.

ದೊರೆ ಅವಳ ಕೈ ಹಿಡಿಯಲಿಲ್ಲ. ನೆಲದ ಮೇಲೆ ಕುಕ್ಕರಿಸಿ ಅಜ್ಜಿಯ ಚಪ್ಪಲಿ ಬಿಚ್ಚಿದ. ಅದನ್ನು ಪುಟ್ಟ ಪುಟ್ಟ ಶೂಗಳ ಸಾಲಿನಲ್ಲಿ ಜೋಡಿಸಿದ. ಅಜ್ಜಿಯನ್ನು ಒಳಗೆ ನಡೆಸಿಕೊಂಡು ಹೋಗಿ, ಮಕ್ಕಳ ನಡುವೆ ಜಾಗ ಮಾಡಿ ಕೂರಿಸಿ, ಕೊರಳಿಗೆ ಚೀಲ ಹಾಕಿ, ಕರ್ಚೀಫಿನಿಂದ ಅವಳ ಮೂಗು ಒರೆಸಿದ. (ಮೂಗು ಒಣಗಿಯೇ ಇತ್ತು.) ಆಮೇಲೆ ಮಿಸ್ಸಿನ ಕಡೆ ತಿರುಗಿದ.

"ಅಜ್ಜಿಗೆ ಬಾಳೆಹಣ್ಣು ಸುಲಿದುಕೊಡಿ. ಸೂಸು ಬಂದ್ರೆ ಹೇಳ್ತಾಳೆ."

ಅಜ್ಜಿಯ ಕೆನ್ನೆ ತಟ್ಟಿ, ಅಳಬಾರದು ಅಂತ ಹೇಳಿ, ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ ಅಪ್ಪನ ಕೈ ಹಿಡಿದ. "ನಡಿ ಅಪ್ಪ, ಆಫೀಸಿಗೆ ಹೊತ್ತಾಯ್ತು."

ಅಜ್ಜಿ ಏಳಲು ಹೋದಳು. ಮಂಡಿ ನೆಟ್ಟಗಾಗುವ ಮುಂಚೆಯೇ ದೊರೆ ಹಳೆಯ ರಾಗ ತೆಗೆದ. ಅದೇ ಗ್ಯಾಸ್ ಸಿಲಿಂಡರಿನ ರಾಗ. ಅಜ್ಜಿ ಕೂತಳು, ನಿಂತಿತು. ಎದ್ದಳು, ಶುರುವಾಯಿತು. ಪಕ್ಕದಲ್ಲಿದ್ದ ಎರಡು ಜುಟ್ಟಿನ ಹುಡುಗಿಯೊಬ್ಬಳು ಕನಿಕರಪಟ್ಟು ಅಜ್ಜಿಯ ಕೈಗೆ ಒಂದು ಮರದ ತುಂಡು ಕೊಟ್ಟಳು, ಆಡಿಕೋ ಅನ್ನುವ ಹಾಗೆ.

ಮಿಸ್ಸು ಅನುಭವಸ್ಥೆ. ಹೊಸದಾಗಿ ಸೇರಿದವರನ್ನು ಬಿಡಲು ಬಂದವರು ಸ್ವಲ್ಪ ಹೊತ್ತು ಅಂಗಳದಲ್ಲಿ ಕಾಯಬೇಕು, ಇದು ಇಲ್ಲಿಯ ನಿಯಮ ಅಂತ ದೊರೆಗೆ ಹೇಳಿದಳು. ಅಂಗಳದಲ್ಲಿ ಮರಳಿತ್ತು, ಜಾರುಬಂಡೆ ಇತ್ತು, ಇನ್ನಷ್ಟು ಮಕ್ಕಳಿದ್ದರು. ಕರ್ತವ್ಯ ಅಂದಮೇಲೆ ದೊರೆ ಒಪ್ಪಿದ. ಅಪ್ಪ ಮೆಲ್ಲಗೆ ಜಾರಿಕೊಂಡದ್ದು ಅವನ ಗಮನಕ್ಕೇ ಬರಲಿಲ್ಲ. ಮಧ್ಯಾಹ್ನದವರೆಗೆ ಆಡಿದ, ತಾನೇ ತಿಂದ, ಸೂಸು ಬಂದಾಗ ಹೇಳಿದ. ನಡುನಡುವೆ ಕಿಟಕಿಯಲ್ಲಿ ಇಣುಕಿ ಅಜ್ಜಿ ಚಾಪೆ ಮೇಲೆ ಇದ್ದಾಳಾ ಅಂತ ನೋಡಿಕೊಂಡು ಹೋಗುತ್ತಿದ್ದ.

ಇಷ್ಟು ತಯಾರಾದ ಮಗುವನ್ನು ನಾನು ಕಂಡೇ ಇಲ್ಲ ಅಂದಳು ಮಿಸ್ಸು. ಸಣ್ಣ ತೊಡಕು ಒಂದೇ, ಒಂದು ವಾರ ಅಜ್ಜಿಯೂ ಬಂದು ಕೂರಬೇಕು. ಆಮೇಲೆ ಅವನೇ ಮರೆಯುತ್ತಾನೆ.

ಅವನು ಮರೆಯಲಿಲ್ಲ. ವಾರ ಹೋಯಿತು, ಇನ್ನೊಂದು ವಾರ ಹೋಯಿತು. ಸೊಸೆ ದಿನಾ ಎರಡು ಡಬ್ಬಿ ಕಟ್ಟುತ್ತಿದ್ದಳು. ಸರ್ವತೋಮುಖ ಬೆಳವಣಿಗೆ ಅಂದ ಬಾಯಲ್ಲಿ ಈಗ ಇಸ್ಪೀಟು ಅನ್ನುವುದು ಹೇಗೆ? ಅಜ್ಜಿ ಮೊಣಕಾಲು ಹಿಡಿದುಕೊಂಡು ಚಾಪೆಯ ಮೇಲೆ ಕೂತಳು, ಎರಡು ಕೈ ಎತ್ತಿ ಮೊಲದ ಕಿವಿ ಮಾಡಿದಳು, ರೈಲಿನ ಡಬ್ಬಿಯಾಗಿ ಮುಂದಿನವರ ಅಂಗಿ ಹಿಡಿದು ಕೋಣೆ ಸುತ್ತಿದಳು. ಒಳಗೆ ಮಾತ್ರ ಕುದಿಯುತ್ತಿದ್ದಳು. ಕುದಿಯುವವರು ಒಳ್ಳೆ ಮಕ್ಕಳಾಗಿ ಇರುವುದುಂಟೆ? ಒಂದು ದಿನ ಮಿಸ್ಸು ಪ್ರಾಣಿಗಳ ಚಿತ್ರದ ಕಾರ್ಡುಗಳನ್ನು ಕೊಟ್ಟು ಜೋಡಿಸಿ ಅಂದಳು. ಅಜ್ಜಿ ಅವನ್ನು ಚೆನ್ನಾಗಿ ಕಲೆಸಿ, ಸುತ್ತ ಇದ್ದವರಿಗೆಲ್ಲ ಹಂಚಿ, ಮರದ ತುಂಡುಗಳನ್ನು ಪಣಕ್ಕಿಟ್ಟು ಆಟ ಕಲಿಸಿದಳು. ತುಂಡುಗಳೆಲ್ಲ ಅಜ್ಜಿಯ ಮಡಿಲು ಸೇರಿದವು, ಚಾಪೆಯೆಲ್ಲ ಅಳು.

ಆಮೇಲೆ ಮಿಸ್ಸು ಮನೆಯವರನ್ನು ಕರೆಸಿದಳು. ಮಗ ಸೊಸೆ ಪುಟಾಣಿ ಕುರ್ಚಿಗಳ ಮೇಲೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತರು. ದೊರೆ ನಡುವೆ ನಿಂತ. ಅಜ್ಜಿಯನ್ನು ಹೊರಗೆ ಶೂ ಸಾಲಿನ ಹತ್ತಿರ ನಿಲ್ಲಿಸಿದ್ದರು. ಅವಳು ಬಾಗಿಲಿಗೆ ಕಿವಿ ಕೊಟ್ಟಿದ್ದಳು.

"ನಿಮ್ಮ ಮಗನ ಬಗ್ಗೆ ಒಂದು ಮಾತೂ ಇಲ್ಲ. ಅವನು ಯಾವತ್ತೋ ತಯಾರು," ಅಂದಳು ಮಿಸ್ಸು. "ತೊಂದರೆ ಅಜ್ಜಿಯವರದು."

ದೂರುಗಳು ಒಂದೊಂದಾಗಿ ಹೊರಬಿದ್ದವು. ಜೂಜು ಕಲಿಸುತ್ತಾರೆ. ಗೋಡೆಗೆ ಒರಗುವ ಜಾಗಕ್ಕಾಗಿ ಎರಡು ಜುಟ್ಟಿನ ಹುಡುಗಿಯ ಜೊತೆ ಜಗಳ ಆಡಿದರು. ಕಥೆ ಹೇಳುವಾಗ, ನರಿ ಹಾಗೆಲ್ಲ ಮಾಡುವುದಿಲ್ಲ ಅಂತ ನಡುವೆ ಬಾಯಿ ಹಾಕುತ್ತಾರೆ. ಮಕ್ಕಳು ಮಲಗಿದಾಗ ಗೊರಕೆ ಹೊಡೆದು ಎಲ್ಲರನ್ನೂ ಎಬ್ಬಿಸುತ್ತಾರೆ. ಇವರನ್ನು ನೋಡಿ ಉಳಿದವರೂ ಕಲಿಯುತ್ತಿದ್ದಾರೆ. ಆದ್ದರಿಂದ ದೊರೆ ಒಬ್ಬನೇ ಬರಲಿ, ಅಜ್ಜಿಯವರನ್ನು ಇನ್ನು ಕಳಿಸಬೇಡಿ.

ಮಗ ನಗು ತಡೆಯಲಾರದೆ ಕೆಮ್ಮಿದ. ಹೊರಗೆ ಅಜ್ಜಿಯ ಎದೆ ಹಗುರಾಗಿ ಹಾರಿತು. ತಿಂಗಳು ಮುಗಿಯಲು ಇನ್ನೂ ಒಂದು ದಿನ ಇತ್ತು. ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಮಿಸ್ಸು ಹೇಳಿದ್ದೆಲ್ಲ ನಿಜ. ಇನ್ನೂ ಇವೆ, ಹೇಳ್ಲಾ?"

ಯಾರೂ ಕೇಳಲಿಲ್ಲ. ಎಲ್ಲರೂ ದೊರೆಯನ್ನು ನೋಡುತ್ತಿದ್ದರು. ಅವನು ಹುಬ್ಬು ಗಂಟಿಕ್ಕಿ ಬಹಳ ಯೋಚಿಸುತ್ತಿದ್ದ.

"ಅಜ್ಜಿ ಮನೇಲಿ ಒಬ್ಳೇನಾ?"

"ಹೌದು ಕಂದ, ನೀನು ಇಲ್ಲಿ ಆಡ್ಕೋ," ಅಂದಳು ಅವನಮ್ಮ.

"ಬೇಡ. ಅಜ್ಜಿ ಅಳ್ತಾಳೆ. ನಾನು ಮನೇಲೇ ಇದ್ದು ನೋಡ್ಕೋತೀನಿ."

ಸೊಸೆಗೆ ಕಣ್ಣಲ್ಲಿ ನೀರು ಬಂತು. ದೊರೆಯನ್ನು ಎತ್ತಿ ಅಪ್ಪಿಕೊಂಡಳು. ಇಂಥ ಕರುಳು ಯಾವ ಪ್ಲೇಗ್ರೂಪಿನಲ್ಲಿ ಕಲಿಸುತ್ತಾರೆ, ಈ ವರ್ಷ ಇವನು ಮನೆಯಲ್ಲೇ ಇರಲಿ ಅಂದಳು. ಮಿಸ್ಸು ಕನ್ನಡಕ ತೆಗೆದು ಒರೆಸಿಕೊಂಡಳು. ನಾನು ಅಳುವುದಿಲ್ಲ, ಖಂಡಿತ ಅಳುವುದಿಲ್ಲ ಅಂತ ಅಜ್ಜಿ ಆಣೆ ಪ್ರಮಾಣ ಮಾಡಿದಳು. ಹಾಗೆ ಹೇಳುವಾಗ ಅವಳ ಕಣ್ಣು ತುಂಬಿಬಂದದ್ದರಿಂದ ಯಾರೂ ನಂಬಲಿಲ್ಲ.

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಳು. ಬೀದಿಯ ಕೊನೆಯಲ್ಲಿ ಟೈಲರಮ್ಮ, ಅವಳ ಹಿಂದೆ ಕಾಂಪೌಂಡರ ಹೆಂಡತಿ, ಅವಳ ಹಿಂದೆ ಕೂರಲು ಒಂದು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಟಾಕೀಸಿನವಳು, ಮೂವರೂ ನರ್ಸಮ್ಮನ ಮನೆಯ ಕಡೆ ತಿರುಗಿದರು. ಸುಮ್ಮನೆ ಕಿಟಕಿಯಿಂದ ಒಂದು ಸಲ ನೋಡಿ ಬಂದರಾಯಿತು ಅಂತ ಅಜ್ಜಿ ಒಂದು ಮೆಟ್ಟಿಲು ಇಳಿದಳು. ಹಿಂದಿನಿಂದ ಬಿಸ್ಕತ್ತಿನಿಂದ ಅಂಟು ಅಂಟಾದ ಪುಟ್ಟ ಕೈಯೊಂದು ಅವಳ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಆ ಕಡೆ ಹೋಗಬಾರದು ಅಜ್ಜಿ. ಅಲ್ಲಿ ದೊಡ್ಡೋರು ಆಡ್ತಿದಾರೆ."