ನಾಲ್ಕು ಗಂಡಂದಿರ ನೀರುಹಕ್ಕಿ

ನಾನು ಯಾರ ಮನೆ ವಿಚಾರಕ್ಕೂ ಹೋಗೋಳಲ್ಲ. ಪಾಂಡವಪುರದ ಕಡೆ ನಮ್ಮೂರಲ್ಲಿ ಜಗಲಿ ಮೇಲೆ ಸುಮ್ಕೆ ಕೂತಿದ್ರೆ ಸಾಕು, ವಿಚಾರಗಳೇ ನಡ್ಕೊಂಡು ಬರ್ತವೆ. ಈ ಸಲ ಕೆರೆಯಿಂದ ಎದ್ದು ಬಂದವು.

೧. ಬರ್ಕೊ, ಯೋಳ್ತೀನಿ

ಮೈಸೂರಿಂದ ಒಂದು ಹುಡುಗಿ ಕೆರೆ ಹಕ್ಕಿಗಳ ಮೇಲೆ ಓದೋಕೆ ಬಂದು ನಮ್ಮನೆ ಮುಂದಿನ ರೂಮು ಹಿಡಿದಳು.

"ಅಜ್ಜಿ, ಯಾವ ಜೀವ ಎಷ್ಟು ಮರಿ ಮಾಡ್ತದೆ, ಎಷ್ಟು ದಿನ ಸಾಕ್ತದೆ, ಅದರ ಮೇಲೆ ಕೆರೇಲಿ ಯಾರು ಉಳೀತಾರೆ ಅಂತ ಗೊತ್ತಾಗ್ತದೆ. ಮೀನು ಸಾವಿರಾರು ಮೊಟ್ಟೆ ಇಟ್ಟು ತಿರುಗಿ ನೋಡಲ್ಲ. ಕೊಕ್ಕರೆ ಎರಡು ಮೂರೇ ಮರಿ ಮಾಡಿ, ಗಂಡು ಹೆಣ್ಣು ಇಬ್ಬರೂ ತುತ್ತು ತಿನ್ನಿಸ್ತಾರೆ."

"ಅದಕ್ಕೆ ಕೆರೆಗಂಟ ಯಾಕವ್ವಾ ಹೋದೆ? ಮೀನಿನಂತೋರು ನಮ್ಮ ಬೀದೀಲೇ ಮೂರು ಮನೆ ಅವ್ರೆ. ಬರ್ಕೊ, ಯೋಳ್ತೀನಿ."

ನಾನಿನ್ನೂ ಮೊದಲನೇ ಮನೆ ಮುಗಿಸಿರಲಿಲ್ಲ, ಅವಳ ಪುಸ್ತಕವೇ ಮುಗಿದೋಯ್ತು.

೨. ಡೈರಿ ಕ್ಯೂ

ತಾವರೆ ಎಲೆ ಮೇಲೆ ಓಡಾಡೋ ಉದ್ದ ಬಾಲದ ಹಕ್ಕಿ ತೋರಿಸಿದಳು ಹುಡುಗಿ. ಹೆಣ್ಣಿಗೆ ನಾಲ್ಕು ಗಂಡಂದಿರಂತೆ! ಒಬ್ಬನಿಗೆ ಮೊಟ್ಟೆ ಇಟ್ಟುಕೊಟ್ಟು ಮುಂದಿನವನ ಹತ್ರ ಹೋಗ್ತದಂತೆ. ಕಾವು ಕೂರೋದು, ಮರಿ ಸಾಕೋದು ಗಂಡು. ಇಂಥದ್ದನ್ನ ಒಳಗಿಟ್ಕೊಂಡ್ರೆ ನನಗೆ ಮುದ್ದೆ ಅರಗಲ್ಲ. ಸಂಜೆ ಡೈರಿಗೆ ಹಾಲು ಹಾಕೋ ಕ್ಯೂನಲ್ಲಿ ಹೆಂಗಸರಿಗೆಲ್ಲ ಹೇಳ್ಬುಟ್ಟೆ. ಅವರು ಮನೇಲಿ ಗಂಡಂದಿರಿಗೆ ಅರ್ಧ ಮಾತ್ರ ಹೇಳಿದರು, ಮರಿ ಸಾಕೋದು ಗಂಡು ಅಂತ.

ಮಾರನೇ ದಿನ ಕೆರೆ ಮೀನಿನ ಗುತ್ತಿಗೆದಾರನ ಹೆಂಡ್ತಿ ಒಂದೂವರೆ ವರ್ಷದ ಕೂಸನ್ನ ಅವನ ತೊಡೆ ಮೇಲೆ ಕೂರಿಸಿ, "ಆ ಹಕ್ಕಿ ನೋಡಿ ಕಲ್ತ್ಕೊ" ಅಂದು ಅಕ್ಕಿಹೆಬ್ಬಾಳಿನ ತವರಿಗೆ ಬಸ್ಸು ಹತ್ತಿದಳು. ಒಬ್ಬನೇ ಗಂಡ ಇಟ್ಕೊಂಡು ಇಷ್ಟು ಧೈರ್ಯ!

೩. ಕೆರೆ ನಡುವೆ ಫೋನು

ಬಲೆ ಬೀಸೋಕೆ ತಾವರೆ ಅಡ್ಡ ಅಂತ ಗುತ್ತಿಗೆದಾರ ಎದೆಗೆ ಕೂಸು ಕಟ್ಕೊಂಡು, ಕುಡುಗೋಲು ಹಿಡಿದು ತೆಪ್ಪ ಇಳಿಸಿದ. ಹುಡುಗಿ ಮಂಡಿ ನೀರಿಗೆ ಓಡಿ ಅತ್ತಳು.

"ಅಣ್ಣಾ, ಮೊಟ್ಟೆ ಮರಿಯಾಗೋಕೆ ಇನ್ನೊಂದೇ ವಾರ! ನನ್ನ ವರ್ಷದ ಕೆಲಸವೆಲ್ಲ ಆ ಗೂಡುಗಳಲ್ಲೇ ಇದೆ."

ಅವನು ಕುಡುಗೋಲು ಎತ್ತಿದ. ಗೂಡಿನಿಂದ ಗಂಡುಹಕ್ಕಿ ಎದ್ದು, ರೆಕ್ಕೆ ಮುರಿದೋರಂಗೆ ಎಲೆ ಮೇಲೆ ಬಿದ್ದು ಒದ್ದಾಡ್ತು. ಕೂಸು ಕಿರುಚ್ತು.

"ಇದರ ಎಂಡ್ರು ಬಂದು ಕೇಳ್ಲಿ, ಬುಟ್ಬುಡ್ತೀನಿ" ಅಂದ.

"ಅವಳೆಲ್ಲಿ ಬರ್ತಾಳಣ್ಣ? ಮೊಟ್ಟೆ ಇವನಿಗೆ ಒಪ್ಪಿಸಿ ಆ ದಂಡೇಲಿ ಮೂರನೇ ಗಂಡನ ಜೊತೆ ಇದಾಳೆ."

ಅವನು ಹಕ್ಕಿ ನೋಡಿದ. ಎದೆ ಮೇಲಿನ ಕೂಸು ನೋಡಿದ. ಕುಡುಗೋಲು ಕೆಳಕ್ಕಾಕಿ ಫೋನು ಹಚ್ಚಿದ. "ಅತ್ತೆಮ್ಮಾ, ನಿಮ್ಮ ಮಗಳು ಅಲ್ಲೇ ಅವ್ಳಾ? ಸರಿ, ಜೊತೇಲಿ ಯಾರವ್ರೆ, ಅದ್ ಮೊದ್ಲು ಯೋಳಿ!"

ಅವತ್ತೇ ಕೂಸಿನ ಸಮೇತ ಹೋದವನು ಅತ್ತೆ ಮನೆ ಜಗಲಿ ಬಿಟ್ಟು ಅಲ್ಲಾಡಲಿಲ್ಲ. ಇಲ್ಲಿ ಮೊಟ್ಟೆಗಳೆಲ್ಲ ಮರಿಯಾಗಿ ಎಲೆ ಮೇಲೆ ಓಡಾಡಿದವು. ಹುಡುಗಿ ಕುಣಿದಾಡ್ಕೊಂಡು, ಗಂಡುಹಕ್ಕಿ ಎಷ್ಟು ದಿನ ಕಾವು ಕೂತಿತ್ತು ಅಂತ ಬರ್ಕೊಂಡಳು.

ಅದರ ಕೆಳಗೆ ಗುತ್ತಿಗೆದಾರಂದು ಎಂಟು ದಿನ ಅಂತ ನಾನೇ ಬರೆಸಿದೆ.