ಎರಡು ಎಣಿಸಿ ಮಾತಾಡುವ ಅಣ್ಣ

ನನ್ನ ಅಣ್ಣನಿಗೆ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರುವಷ್ಟರಲ್ಲಿ ನೀವು ಚಹಾ ಸೋಸಿ, ಕುಡಿದು, ಕಪ್ಪು ತೊಳೆದಿಟ್ಟು ಬರಬಹುದು! ಸ್ವಲ್ಪ ಹೆಚ್ಚು ಹೇಳಿದೆ, ನಿಜ. ಕಪ್ಪು ತೊಳೆಯುವಷ್ಟು ಹೊತ್ತು ಆಗುವುದಿಲ್ಲ. ಆದರೆ ಮೊಮ್ಮಕ್ಕಳೇ, 'ದೊಡ್ಡ ಮುತ್ಯಾಗ ಕಿವಿ ಕೇಳಂಗಿಲ್ಲ' ಎಂದು ಈ ದೊಡ್ಡಜ್ಜನ ಬಗ್ಗೆ ನೀವು ಕಲಬುರಗಿಯ ಗಾಜಿಪುರದ ಮನೆಯಲ್ಲಿ ಕೂತು ನಗುತ್ತೀರಲ್ಲ, ಅದು ತಪ್ಪು. ಅವನದು ಬೆಕ್ಕಿನ ಕಿವಿ. ಮಾತು ಕೇಳಿಸಿದ ಮೇಲೆ ಅವನು ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುತ್ತಾನೆ. ಆಮೇಲೆ ಬಾಯಿ ಬಿಡುತ್ತಾನೆ. ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರಿಗೇ ಕೂತವರು ಕೇಳಿದರೂ ಅಷ್ಟೇ!

ಈ ಚಾಳಿ ಅವನಿಗೆ ಅಂಟಿದ್ದು ನಮ್ಮೂರು ಕಮಲಾಪುರದ ಹೊರಗಿದ್ದ ಛತ್ರಿ ಆಫೀಸಿನಲ್ಲಿ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ಆಕಾಶದ ಉಪಗ್ರಹಕ್ಕೆ ನೆಲದಿಂದ ಮಾತು ಕಳಿಸುವ, ಅಲ್ಲಿಂದ ಇಳಿದ ಮಾತು ಹಿಡಿಯುವ ಠಾಣೆ ಅದು. ಅಣ್ಣ ಅಲ್ಲಿ ವಾಚ್‌ಮನ್. ಲಾರಿಯಲ್ಲಿ ಹೋಳುಹೋಳಾಗಿ ಬಂದ ಬಿಳಿ ತಗಡುಗಳನ್ನು ಹೂವಿನ ಎಸಳುಗಳಂತೆ ಜೋಡಿಸಿದಾಗ ಆ ಡಿಶ್ ಆಂಟೆನಾ, ನಮ್ಮೂರ ಬಾಯಲ್ಲಿ ಛತ್ರಿ, ನಮ್ಮ ಮಾಳಿಗೆಗಿಂತ ಎತ್ತರವಾಯಿತು. ಊರಿಗೆ ಊರೇ ನೋಡಲು ಬಂತು. ಕಾಯಿ ಒಡೆದವರಿದ್ದರು, ಕೆಂಪು ಬಾಳೆಹಣ್ಣಿನ ಚಿಪ್ಪು ಇಟ್ಟು ಕೈಮುಗಿದವರಿದ್ದರು. "ಛತ್ರಿ ಕೆಳಗ ಮುಖ ಮಾಡಿರಬೇಕಲ್ಲಪಾ, ಇದನ್ಯಾಕ ಉಲ್ಟಾ ನಿಲ್ಲಿಸ್ಯಾರ?" ಎಂದು ಒಬ್ಬ ಅಜ್ಜ ಕೇಳಿದ. ಅಣ್ಣ ಹೊಸ ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಹೇಳಿದ: "ಇದು ಮಳಿ ತಡಿಯೂ ಛತ್ರಿ ಅಲ್ಲ ಕಾಕಾ, ಮಾತು ಹಿಡಿಯೂ ಛತ್ರಿ."

ಅಂದಿನಿಂದ ಅವನು ಆ ಛತ್ರಿಯ ವಕೀಲ. ಬರೀ ನೀಲಿ ಆಕಾಶದಲ್ಲಿ, ನಡುನೆತ್ತಿಯಿಂದ ತುಸು ದಕ್ಷಿಣಕ್ಕೆ ಬೆರಳು ತೋರಿಸಿ, "ಅಕಾ, ಉಪಗ್ರಹ ಅಲ್ಲಿ ಅದ. ಸೂರ್ಯ ಚಂದ್ರ ಸೈತ ಜಾಗಾ ಬಿಡ್ತಾರ, ಅದು ಬಿಡಂಗಿಲ್ಲ" ಎನ್ನುತ್ತಿದ್ದ. ನಾವೆಲ್ಲ ಕತ್ತು ನೋಯುವಷ್ಟು ನೋಡಿದೆವು. ಒಂದು ಹದ್ದು ಕಂಡಿತು!

ಈಗ ಆ ಠಾಣೆ ಮುಚ್ಚಿದೆ. ಛತ್ರಿಯನ್ನು ಕಡಿದು ಗುಜರಿಗೆ ಹಾಕುತ್ತಾರೆಂಬ ಸುದ್ದಿ ಬಂದ ದಿನದಿಂದ ಅಣ್ಣನ ಊಟ ಒಂದೇ ರೊಟ್ಟಿಗೆ ಇಳಿಯಿತು. ಕಡಿಯದೆ ಅದನ್ನು ಕಮಲಾಪುರದ ಶಾಲೆಯ ಅಂಗಳದಲ್ಲಿ ನಿಲ್ಲಿಸಬೇಕು ಎಂಬುದು ಅವನ ಹಟ. ಆ ಹಟ ನಿಮಗೆ ಅರ್ಥವಾಗಬೇಕಾದರೆ ಮೊದಲು ಅವನ ಎಣಿಕೆಯ ಕಥೆ ಹೇಳಬೇಕು.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಆಗ ಅಂಡಮಾನದ ಒಂದು ದ್ವೀಪದ ಆಸ್ಪತ್ರೆಯಲ್ಲಿ ಕಂಪೌಂಡರ್. ಪತ್ರ ಹಡಗು ಹತ್ತಿ, ರೈಲು ಹತ್ತಿ ಬರುವಷ್ಟರಲ್ಲಿ ಅದರೊಳಗಿನ ಜ್ವರ ವಾಸಿಯಾಗಿರುತ್ತಿತ್ತು. ನಾನೋ, ಊರ ಶಾಲೆಯಲ್ಲಿ ಐದು ಓದಿದವಳು. ಪರರೆದುರು ಬಾಯಿ ಬಿಟ್ಟವಳಲ್ಲ. ಕಂಡಕ್ಟರನಿಗೆ 'ನಿಲ್ಸ್ರಿ' ಎನ್ನಲು ನಾಚಿ, ಒಂದು ಊರು ಮುಂದೆ ಹೋಗಿ ಇಳಿದು, ಉರಿಬಿಸಿಲಲ್ಲಿ ನಡೆದು ವಾಪಸು ಬಂದವಳು!

ದ್ವೀಪದೊಂದಿಗೆ ಮಾತು ಕೂಡುತ್ತದೋ ಇಲ್ಲವೋ ನೋಡುವ ದಿನ ಬಂತು. ಇಂಜಿನಿಯರ್ ಸಾಹೇಬರು ಅಣ್ಣನಿಗೆ, "ನಿಮ್ಮ ತಂಗೀನ ಕರಸ್ರಿ. ಆ ಕಡಿಂದ ಅವರ ಯಜಮಾನರು ಮಾತಾಡಲಿ" ಅಂದರು. ಹೋದೆ. ಫೋನು ಹಿಡಿದು "ಹಲೋ" ಅಂದೆ. ಏನೂ ಕೇಳಲಿಲ್ಲ. ಮತ್ತೊಮ್ಮೆ "ಹಲೋ" ಅನ್ನುವುದಕ್ಕೂ ಅವರ "ಹಲೋ" ಬರುವುದಕ್ಕೂ ಸರಿಹೋಯಿತು. ಇಬ್ಬರೂ ಸುಮ್ಮನಾದೆವು. ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಮತ್ತೆ ಇಬ್ಬರೂ ಸುಮ್ಮನಾದೆವು. ಇಕ್ಕಟ್ಟಾದ ಓಣಿಯಲ್ಲಿ ಎದುರಾದ ಇಬ್ಬರು ಒಂದೇ ಕಡೆಗೆ ಸರಿಯುತ್ತಾರಲ್ಲ, ಹಾಗೆ! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಸಾಹೇಬರು ನಗಲಿಲ್ಲ. "ಮಾತು ಮೇಲೆ ಹೋಗಿ ಕೆಳಗಿಳಿಯಬೇಕಲ್ಲಮ್ಮ. ಭೂಮಿಗೆ ಹೆಚ್ಚುಕಡಿಮೆ ಎರಡು ಸುತ್ತು ಹಾಕಿದಷ್ಟು ದಾರಿ. ಒಂದು ಚೂರು ತಡೀಬೇಕು" ಅಂದರು.

ಮನೆಯ ಹೊಸ್ತಿಲು ದಾಟದ ನನ್ನ ಮಾತು ಅಷ್ಟು ದೂರ ಹೋಗುತ್ತದೆಯೇ? ಗಾಳಿಯೂ ಇಲ್ಲದ ಕತ್ತಲಲ್ಲಿ ಹಾದು, ದಾರಿ ತಪ್ಪದೆ, ಅವರ ಕಿವಿಯನ್ನೇ ಹುಡುಕಿಕೊಂಡು ಇಳಿಯುತ್ತದೆಯೇ?

ಅಣ್ಣ ಬಂದು ನನ್ನೆದುರು ನಿಂತು ಬೆರಳೆತ್ತಿದ. "ನೀ ಹೇಳು. ಹೇಳಿ ನನ್ನ ಬೆರಳ ನೋಡು. ಒಂದು, ಎರಡು. ಅವರ ಮಾತು ಬರಾಕತ್ತಿರ್ತದ, ಅದಕ್ಕ ಅಡ್ಡ ಹೋಗಬ್ಯಾಡ."

"ಊಟ ಆತೇನ್ರೀ?" ಅಂದೆ.

ಒಂದು. ಎರಡು.

"ಆತು. ನಿಂದು?"

ಕಮಲಾಪುರದಿಂದ ಆಕಾಶಕ್ಕೆ ಹೋಗಿ ಬಂದ ನಮ್ಮ ಸಂಸಾರದ ಮೊದಲ ಮಾತು ಇದೇ ಮಕ್ಕಳೇ! ಆಮೇಲೆ ಪರೀಕ್ಷೆ ಇದ್ದಾಗಲೆಲ್ಲ ಸಾಹೇಬರು ನನ್ನನ್ನೇ ಕರೆಸಿದರು. ಮೂರನೆಯ ಸಲಕ್ಕೆ ನಾನು ನಕ್ಕೆ. ಐದನೆಯ ಸಲಕ್ಕೆ, ಔಷಧದ ಬಾಟಲಿ ತೊಳೆದು ಒಣಗಿಸುತ್ತೀರೋ ಇಲ್ಲವೋ ಎಂದು ಜಗಳವನ್ನೇ ಆಡಿದೆ.

ನನಗೆ ಮಾತು ಬಂತು. ಅಣ್ಣನ ಬೆರಳು ಕೆಳಗಿಳಿಯಿತು, ಎಣಿಕೆ ಮಾತ್ರ ಅವನೊಳಗೇ ಉಳಿಯಿತು! ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಏನಪಾ, ಒಪ್ಪಿಗಿ ಅದೇನು?" ಅಂದರು. ಇವನು ಎಣಿಸುತ್ತ ಕೂತ. ತಂದೆಯ ಮುಖ ಕಪ್ಪಿಟ್ಟಿತು. ಒಳಗಿನಿಂದ ಹುಡುಗಿಯೇ, "ನನಗ ಒಪ್ಪಿಗಿ ಅದ, ಅವರನ್ನ ಇನ್ನೊಮ್ಮಿ ಕೇಳ್ರಿ" ಎಂದು ಕೂಗಿದಳು. ಆಕೆಯೇ ನನ್ನ ಅತ್ತಿಗೆ, ನಮ್ಮ ವೈನಿ. "ಅವತ್ತ ನಾ ಕೂಗದಿದ್ರ ಇಂವ ಇನ್ನೂ ಎಣಸ್ಕೋತ ಕೂತಿರ್ತಿದ್ದ" ಎಂದು ಇಂದಿಗೂ ಚುಚ್ಚುತ್ತಾಳೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಸೀರೆ ಅಂಗಡಿಯಲ್ಲಂತೂ ಈ ಚಾಳಿಯಿಂದ ಲಾಭವೇ ಆಯಿತು. ಅಂಗಡಿಯವ ಬೆಲೆ ಹೇಳಿದ. ಅಣ್ಣ ಎಣಿಸಿದ. ಗಿರಾಕಿಗೆ ಸಿಟ್ಟು ಬಂದಿದೆ ಎಂದುಕೊಂಡು ಅವನು ಇಳಿಸಿದ. ಅಣ್ಣ ಮತ್ತೆ ಮೊದಲಿನಿಂದ ಎಣಿಸಿದ. ಅವನು ಮತ್ತೆ ಇಳಿಸಿದ! "ಬಸ್ ಕರೋ ಸಾಬ್, ಹಂಗ ನೋಡಬ್ಯಾಡ್ರಿ, ತಗೊಂಡ್ ಹೋಗ್ರಿ" ಎಂದು ಕೊನೆಗೆ ಅಂಗಡಿಯವನೇ ಕೈಮುಗಿದ.

ಆ ಠಾಣೆಯ ಚರಿತ್ರೆ ಕೇಳಿದರೆ ಅಣ್ಣ ಇಸವಿ ಹೇಳುವುದಿಲ್ಲ. ಮೊದಲು ತಂತಿ ಮುಟ್ಟದ ಊರುಗಳ ಮಾತು ಬಂತು, ಆಮೇಲೆ ಟಿ.ವಿ. ಬಂತು, ಆಮೇಲೆ ಯಾರಿಗೂ ತಿಳಿಯದ ಕಂಪ್ಯೂಟರ್ ಅಂಕಿಗಳು ಬಂದವು ಎನ್ನುತ್ತಾನೆ. ಕೊನೆಗೆ ರಸ್ತೆಬದಿ ಅಗೆದು ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹೂತರು. ಮಾತೆಲ್ಲ ನೆಲದೊಳಗೆ ಹೊಕ್ಕಿತು. ಛತ್ರಿ ಮಾತ್ರ ಅದೇ ಜಾಗವನ್ನು ನೋಡುತ್ತ ನಿಂತಿತು.

ನಿಮ್ಮ ಮುತ್ಯಾ ತೀರಿಕೊಂಡಾಗ ಬಂದವರೆಲ್ಲ ಸಮಾಧಾನ ಹೇಳಿದರು. ಅಣ್ಣ ಮಾತ್ರ ಏನೂ ಹೇಳದೆ ಪಕ್ಕದಲ್ಲಿ ಕೂತ. ನನಗೆ ಅಳು ಬರಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ಅವನು ಕಾದ.

ಕಳೆದ ವಾರ ಅವನು ಅರ್ಜಿ ಹಿಡಿದು ಕಲಬುರಗಿಯ ದೊಡ್ಡ ಟೆಲಿಫೋನ್ ಆಫೀಸಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಲ್ಲಿನ ಹೊಸ ಸಾಹೇಬರು ಅರ್ಜಿಯ ಮೇಲೆ ಕಣ್ಣಾಡಿಸಿದರು.

"ಹಳೇ ತಗಡದು. ಅದರಿಂದ ಯಾರಿಗೆ ಏನು ಉಪಯೋಗ ಆಗ್ಯದ, ಹೇಳ್ರಿ?"

ಅಣ್ಣ ಎಣಿಸತೊಡಗಿದ. ಅಯ್ಯೋ, ಅಲ್ಲೂ! ಸಾಹೇಬರು ಅರ್ಜಿಯನ್ನು ಬದಿಗೆ ಸರಿಸಿ, ಮುಂದಿನವರನ್ನು ಕರೆಯಲು ಮೇಜಿನ ಗಂಟೆಯತ್ತ ಕೈ ಚಾಚಿದರು.

"ತಡೀರಿ ಸಾಹೇಬ್ರ! ಅವನ ಮಾತು ಬರಾಕತ್ತದ."

ಯಾರ ದನಿ ಅದು? ಕೋಣೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದಾಗಲೇ ನನಗೆ ಗೊತ್ತಾದದ್ದು. ಸಾಹೇಬರ ಕೈ ಗಂಟೆಯ ಮೇಲೆಯೇ ನಿಂತಿತು.

"ನನ್ನ ತಂಗಿ ಅದರಾಗ ಮಾತು ಕಲ್ತಾಳ್ರೀ, ಸಾಹೇಬ್ರ" ಎಂದ ಅಣ್ಣ.

ಸಾಹೇಬರು ನನ್ನನ್ನು ನೋಡಿದರು. ಮೇಜಿನ ಅಂಚಿನ ಕೆಳಗೆ, ನನಗೊಬ್ಬಳಿಗೇ ಕಾಣುವಂತೆ, ಅಣ್ಣನ ಬೆರಳು ಎದ್ದಿತು. ಒಂದು. ಎರಡು.

ಸಾಹೇಬರು ಅರ್ಜಿಯನ್ನು ಮತ್ತೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಯಾವ ಶಾಲಿ ಅಂದ್ರಿ?"

ಅಣ್ಣ ಮತ್ತೆ ಎಣಿಸಲು ಶುರು ಮಾಡಿದ. ನಾನು ಕಾಯಲಿಲ್ಲ. ನಾನೇ ಹೇಳಿಬಿಟ್ಟೆ.